ಅಯ್ಯನವರ ಎದೆಯ ನಳಿಗೆ

ಶ್ರಾವಣದ ಮೊದಲ ಸೋಮವಾರ. ಯಂಕಂಚಿಯ ಚನ್ನಬಸಯ್ಯನವರು ಬಚ್ಚಲಿಗೆ ಹೊರಟಿದ್ದರು, ಕೈಯಲ್ಲಿ ಕತ್ತರಿ! ಹೆಂಡತಿ ಶಂಕ್ರೆವ್ವ ಓಡಿ ಬಂದು ಅಡ್ಡ ನಿಂತಳು.

"ಕತ್ತರಿ ಯಾಕ್ರಿ?"

"ಈ ನಳಿಗಿ ಕಿತ್ತು ಒಗೀತೇನಿ. ಆಪರೇಷನ್ ಮಾಡಿದ ಕೈಯಾಗಿನ ನರ ತಯಾರಾಗೇತಿ, ಎರಡು ವಾರಾತು ಡಯಾಲಿಸಿಸ್ ಅದರಾಗ ನಡದೈತಿ. ಲಿಂಗ ಇರೋ ಎದಿಮ್ಯಾಲೆ ಈ ಪ್ಲಾಸ್ಟಿಕ್ ಇನ್ನ ಯಾಕ? ಇವತ್ತರ ತಲಿತುಂಬ ನೀರು ಹಾಕ್ಕೊಂಡು, ಮೈತುಂಬ ವಿಭೂತಿ ಹಚ್ಕೊಂಡು ಪೂಜಾ ಮಾಡ್ತೇನಿ."

ಅಯ್ಯನವರ ಮೂತ್ರಪಿಂಡ ಕೈಕೊಟ್ಟು ಆರು ತಿಂಗಳಾಗಿತ್ತು. ರಕ್ತ ಶುದ್ಧ ಮಾಡಲೆಂದು ಸಿಂದಗಿಯ ದವಾಖಾನೆಯಲ್ಲಿ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಗೆ ಇಳಿಸಿ, ಅದರ ಬಾಯಿಯನ್ನು ಬಲ ಎದೆಯ ಮೇಲೆ ತಂದಿದ್ದರು. ಅಂದು ನರ್ಸ್ ರೋಷನಬಿ ಮೊಣಕೈತನಕ ಕೈ ತೊಳೆದು, ಮುಖಕ್ಕೆ ಮಾಸ್ಕ್ ಕಟ್ಟಿ, ಒಂದು ನೊಣವನ್ನೂ ಒಳಗೆ ಬಿಡದೆ ನಿಂತಿದ್ದನ್ನು ಶಂಕ್ರೆವ್ವ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. "ಬಾಯಿಲೆ ಮಡಿ ಮಡಿ ಅಂತೀವಿ. ಖರೇ ಮಡಿ ಆಕೀದು ನೋಡ್ರಿ!"

ಇಷ್ಟಾದರೂ ಅಯ್ಯನವರು ಸುಮ್ಮನಿದ್ದರೇ? ಮನೆಗೆ ಬಂದ ಎಂಟೇ ದಿನಕ್ಕೆ ಎದೆಗೆ ಮೂರು ಬೆರಳ ವಿಭೂತಿ ಎಳೆದರು. ಬೂದಿ ನಳಿಗೆಯ ಬಾಯಿಗೆ ಹಾಕಿದ್ದ ಪಟ್ಟಿಯೊಳಗೆ ಇಳಿಯಿತು. ಗಡಗಡ ನಡುಕ, ಚಳಿಜ್ವರ, ವಾರಗಟ್ಟಲೆ ಇಂಜೆಕ್ಷನ್. ಬದುಕಿದ್ದೇ ಪುಣ್ಯ.

ಅದೆಲ್ಲ ನೆನಪಾಗಿ ಶಂಕ್ರೆವ್ವ ಕತ್ತರಿ ಕಸಿದು ಸೆರಗಿಗೆ ಗಂಟು ಹಾಕಿದಳು. ರೋಷನಬಿಗೆ ಫೋನ್ ಹಚ್ಚಿ, ಗಂಡನ ಮುಂದೆ ಹಿಡಿದಳು.

"ಮುಳ್ಳು ಕಿತ್ತಂಗ ಕೀಳೂದು. ಅದಕ್ಕೂ ಡಾಕ್ಟರ್ ಬೇಕೇನವಾ?" ಅಯ್ಯನವರು ಗುಡುಗಿದರು.

"ಮುಳ್ಳಲ್ರಿ ಅಯ್ನಾರ," ರೋಷನಬಿಯ ದನಿ ತಣ್ಣಗಿತ್ತು. "ಅದರ ತುದಿ ಹೃದಯದ ಹತ್ರ ಐತಿ. ಕುಂತು ಕಿತ್ರ, ನೀವು ಉಸಿರು ಎಳಕೊಂಡ ಕೂಡ್ಲೆ ಗಾಳಿ ನರದಾಗ ಹೊಕ್ಕು ಹೃದಯಕ್ಕ ಹೋಗಬಹುದು. ನಿಂತ ಕಾಲಮ್ಯಾಲೆ ಜೀವಾ ಹೋಗ್ತೈತಿ. ರಕ್ತಾನೂ ಸುಮ್ನ ನಿಲ್ಲಂಗಿಲ್ಲ."

"ಮತ್ತ ನನ್ನ ಶ್ರಾವಣ ಸೋಮವಾರ?"

"ವಿಭೂತಿ ಹಣಿಗೆ ಹಚ್ಕೋರಿ. ಲಿಂಗಪೂಜಾ ಅಂಗೈಮ್ಯಾಲೆ ತಾನ್ರಿ ಮಾಡೋದು? ಅಂಗೈಗೆ ನಾವೇನೂ ನಳಿಗಿ ಹಾಕಿಲ್ಲಲ್ಲ!"

ಅಯ್ಯನವರಿಗೆ ನಗು ತಡೆಯಲಾಗಲಿಲ್ಲ. "ಈ ಹುಡುಗಿ ಮುಂದ ನಮ್ಮ ಮಾತು ನಡೆಯಂಗಿಲ್ಲ ಬಿಡು," ಎಂದು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಪೂಜೆಗೆ ಕುಳಿತರು.

ಗುರುವಾರ ದವಾಖಾನೆಯಲ್ಲಿ ನಳಿಗೆ ತೆಗೆಯುವ ಮೊದಲು ಡಾಕ್ಟರ್ ಸುಮೇಧಾ ರಕ್ತದ ವರದಿ ನೋಡಿದರು. ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತೀರಾ ಎಂದು ಕೇಳಿದರು. ಆಮೇಲೆ ಅಯ್ಯನವರನ್ನು ಅಂಗಾತ ಮಲಗಿಸಿ, ತಲೆ ತುಸು ಕೆಳಗೆ ಮಾಡಿ, ಜಾಗ ಮರಗಟ್ಟಿಸಿ, ಮಾಂಸಕ್ಕೆ ಅಂಟಿದ್ದ ನಳಿಗೆಯನ್ನು ನಾಜೂಕಾಗಿ ಬಿಡಿಸಿದರು.

ರೋಷನಬಿ ಕಿವಿಯ ಬಳಿ ಬಾಗಿದಳು. "ಅಯ್ನಾರ, ಈಗ ಉಸಿರು ಒಳಗ ಎಳೀಬ್ಯಾಡ್ರಿ. ನಾ ಸಾಕು ಅನ್ನೂತನಕ ಉಸಿರು ಹೊರಗ ಬಿಡ್ತ ಓಂ ಅನ್ರಿ."

"ಓಂ..."

ಬಾಗಿಲಾಚೆ ನಿಂತ ಶಂಕ್ರೆವ್ವನಿಗೆ ಆ ದನಿ ಕೇಳಿಸಿತು. ಥಟ್ಟನೆ ನಿಂತೂ ಹೋಯಿತು. ಅಯ್ಯೋ ಶಿವನೇ, ಏನಾತು! ಬಾಗಿಲಿಗೆ ಕಿವಿ ಹಚ್ಚಿದಳು.

"ಮುಗೀತೇನವಾ ರೋಷನಬಿ?" ಒಳಗಿಂದ ಗಂಡನ ದನಿ.

"ಮುಗೀತ್ರಿ."

ಶಂಕ್ರೆವ್ವ ಅಲ್ಲೇ ಕುಳಿತು ಅತ್ತಳು. ಒಳಗೆ ಡಾಕ್ಟರು ಗಾಯ ಒತ್ತಿ ಹಿಡಿದು, ಗಾಳಿಯಾಡದ ಪಟ್ಟಿ ಹಾಕಿ, ನಳಿಗೆ ತುದಿತನಕ ಪೂರ್ತಿ ಬಂದಿದೆಯೇ ಎಂದು ನೋಡುತ್ತಿದ್ದರು. ಅಯ್ಯನವರು ಅರ್ಧ ತಾಸು ಮಿಸುಕಾಡದೆ ಮಲಗಿದರು.

ಗಾಯ ಮಾಗಿದ ಮೇಲೆ ಮೈತುಂಬ ವಿಭೂತಿ ಧರಿಸಿ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಅವರು ಹೇಳಿದ್ದು ಒಂದೇ ಮಾತು: "ಅರವತ್ತು ವರ್ಷ ಓಂ ಅಂದೇನಿ. ಅದನ್ನ ಯಾವಾಗ ಅನ್ನಬೇಕಂತ ಕಲಿಸಿದಾಕಿ ರೋಷನಬಿ!"

ಇಂಡಿ ತಾಲೂಕಿನವರಿರಲಿ, ಮುದ್ದೇಬಿಹಾಳ, ಬಾಗೇವಾಡಿಯವರಿರಲಿ, ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಥ ನಳಿಗೆ ಇದ್ದರೆ ಕೇಳಿ. ಪಟ್ಟಿ ಒದ್ದೆಯಾಗಲು ಬಿಡಬೇಡಿ, ಬೂದಿ, ಅರಿಶಿನ, ಎಣ್ಣೆ ಹತ್ತಿರ ಸುಳಿಯದಿರಲಿ. ಚಳಿಜ್ವರ ಬಂದರೆ ನಾಳೆ ನೋಡೋಣ ಎನ್ನದೆ ಕೂಡಲೇ ದವಾಖಾನೆಗೆ ಹೊರಡಿ. ನಳಿಗೆ ಅಕಸ್ಮಾತ್ ಕಳಚಿದರೆ ಮಲಗಿಸಿ, ಶುಚಿ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ತೆಗೆಯುವ ಕೆಲಸ ಮಾತ್ರ ಕಲಿತ ಕೈಗೇ ಬಿಡಿ. ಮನೆಯ ಕತ್ತರಿಯನ್ನು ಶಂಕ್ರೆವ್ವನಂತೆ ಸೆರಗಿಗೆ ಗಂಟು ಹಾಕಿಟ್ಟುಕೊಳ್ಳಿ.