ಕುಂಚ ಒರೆಸುವ ಗೋಡೆ

ಆ ದಿನ ಬೆಳಿಗ್ಗೆ ಬೋರ್ಡಣ್ಣ ಸೈಕಲ್ ಅಂಗಡಿಯ ಮುಂದೆ ಏಣಿ ನಿಲ್ಲಿಸಿಕೊಂಡು ತಮ್ಮನ ದಾರಿ ಕಾಯುತ್ತಿದ್ದ. ಅಂಗಡಿಗಳ ನೆತ್ತಿಯ ಮೇಲೆ ಹೆಸರು ಬರೆಯುವುದೇ ಅಣ್ಣತಮ್ಮಂದಿರ ಕಸುಬು. ಅದಕ್ಕೇ ಬೀದಿಯವರೆಲ್ಲ ದೊಡ್ಡವನನ್ನು ಬೋರ್ಡಣ್ಣ ಎಂದೇ ಕರೆಯುತ್ತಿದ್ದರು. "ಬರಲಿ ಆ ಸೋಮಾರಿ, ಇವತ್ತು ಚಳಿ ಬಿಡಿಸ್ತೀನಿ" ಎಂದು ಬೈಗುಳವನ್ನೆಲ್ಲ ಹದಮಾಡಿ ಇಟ್ಟುಕೊಂಡಿದ್ದ. ಬಂದವಳು ಮಗಳು, ಬರಿಗಾಲಲ್ಲಿ ಓಡುತ್ತ.

"ಅಪ್ಪಾ, ಚಿಕ್ಕಪ್ಪ ಹೋಗಿಬಿಟ್ರು."

"ಎಲ್ಲಿಗೆ ಹೋದ, ಕೆಲಸ ಬಿಟ್ಟು?" ಎಂದು ಕೇಳಿಯೇಬಿಟ್ಟ ಬೋರ್ಡಣ್ಣ. ಮಗಳ ಮುಖ ನೋಡಿದ ಮೇಲೆ ಅರ್ಥವಾಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ ತಮ್ಮನ ಹೆಂಡತಿ ಗೋಡೆಗೊರಗಿ ಕೂತಿದ್ದಳು. "ಭಾವ, ಹೃದಯದ ಕಾಯಿಲೆ ಅಂತ ಡಾಕ್ಟರು ಹೋದ ವರ್ಷವೇ ಹೇಳಿದ್ರು. ನಿಮಗೆ ಮಾತ್ರ ತಿಳಿಯಕೂಡದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು."

ಬೋರ್ಡಣ್ಣನ ಎದೆಯಲ್ಲಿ ದುಃಖಕ್ಕಿಂತ ಮೊದಲು ಸಿಟ್ಟು ಬಂದು ಕೂತಿತು. ಲೋಕಕ್ಕೆಲ್ಲ ಹೇಳದಿದ್ದರೆ ಹೋಗಲಿ, ನನಗೂ ಹೇಳಲಿಲ್ಲವಲ್ಲ! ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಸಂಜೆ ಮನೆಯವರೆಲ್ಲ ಕೂತು ಹೋದವನಿಗಾಗಿ ಪ್ರಾರ್ಥಿಸುವಾಗ ಅವನೂ ಕೈ ಮುಗಿಯುತ್ತಿದ್ದ; ಮಾತು ಮಾತ್ರ ಗಂಟಲು ದಾಟುತ್ತಿರಲಿಲ್ಲ. ಹುಟ್ಟಿದಾರಭ್ಯ ದೇವರ ಮುಂದೆ ಮೂಕನಾಗಿ ನಿಂತವನಲ್ಲ. ಒಡಹುಟ್ಟಿದವನೇ ಶಾಂತಿ ಬೇಡದೆ ಹೋದರೆ ಆ ಜೀವ ಎಲ್ಲಿ ಅಲೆಯುತ್ತದೋ ಎಂಬ ಭಯಕ್ಕೆ ಅವನಿಗೆ ಅನ್ನ ಸೇರದಾಯಿತು.

ಕಡೆಗೆ ಮಗಳು ಅವನನ್ನು ಔಷಧಿ ಅಂಗಡಿಯ ಮಹಡಿಯಲ್ಲಿದ್ದ ಆಪ್ತಸಲಹೆಗಾರ್ತಿಯ ಬಳಿಗೆ ಎಳೆದುಕೊಂಡು ಹೋದಳು. ಆಕೆ ಎಲ್ಲ ಕೇಳಿಸಿಕೊಂಡು, "ದಿನಾ ಸ್ವಲ್ಪ ಹೊತ್ತು ತಮ್ಮನ ಬಗ್ಗೆ ಬರೀರಿ. ಮನಸ್ಸಿಗೆ ಬಂದದ್ದು ಬಂದ ಹಾಗೆ. ನನಗೂ ತೋರಿಸಬೇಕಾಗಿಲ್ಲ" ಎಂದಳು.

"ಬರೆಯೋದಾ? ಅಮ್ಮಾ, ಜೀವಮಾನವೆಲ್ಲ ಮಾಡಿದ್ದೇ ಅದು!" ಎಂದು ಬೋರ್ಡಣ್ಣ ಹುರುಪಿನಿಂದ ಮೆಟ್ಟಿಲಿಳಿದ.

ಮುಂದಿನ ವಾರ ಒಂದು ದೊಡ್ಡ ಹಾಳೆಯನ್ನು ಸುರುಳಿ ಸುತ್ತಿ ತಂದು ಆಕೆಯ ಮೇಜಿನ ಮೇಲೆ ಬಿಡಿಸಿದ. ಅಳತೆಪಟ್ಟಿಯಿಟ್ಟು ಗೆರೆ ಎಳೆದು, ಪೆನ್ಸಿಲಿನಲ್ಲಿ ಅಂಚು ಕಟ್ಟಿ, ಒಳಗೆ ನೀಲಿ ತುಂಬಿ, ಬಲಗಡೆಗೆ ನೆರಳು ಕೊಟ್ಟಿದ್ದ. ಸುತ್ತಲೂ ಬಳ್ಳಿಯ ಅಂಚು. ನಡುವೆ ಎರಡೇ ಪದ: 'ನನ್ನ ತಮ್ಮ'.

ಆಕೆ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ತಡೆಯಲಾಗಲಿಲ್ಲ.

"ಯಾಕಮ್ಮಾ, ನೆರಳು ಹೆಚ್ಚಾಯ್ತಾ?"

"ಇಲ್ಲ ಅಣ್ಣಾ, ಅಂಗಡಿಗೆ ನೇತುಹಾಕೋ ಹಾಗಿದೆ. ಒಂದು ವಾರಕ್ಕೆ ಇಷ್ಟೇನಾ?"

"ಅಕ್ಷರ ಸೊಟ್ಟಗಾದರೆ ನೋಡಿದವರು ಉಗೀತಾರೆ."

"ಇದನ್ನ ಯಾರೂ ನೋಡಲ್ಲವಲ್ಲ. ಯಾರೂ ಓದದ ಹಾಗೆ ನೀವು ಎಂದಾದರೂ ಕುಂಚ ಆಡಿಸಿದ್ದುಂಟಾ?"

ಬೋರ್ಡಣ್ಣ ತಲೆ ಕೆರೆದುಕೊಂಡ. "ಬಣ್ಣದ ಡಬ್ಬಿ ಇಡೋ ಕೊಟ್ಟಿಗೆಯಲ್ಲಿ ಒಂದು ಗೋಡೆ ಇದೆ. ಕೆಲಸ ಮುಗಿದ ಮೇಲೆ ಕುಂಚ ಒರೆಸೋದು ಅಲ್ಲೇ. ಅದಕ್ಕೆ ಮಾನವೂ ಇಲ್ಲ, ಮರ್ಯಾದೆಯೂ ಇಲ್ಲ."

ಆಕೆ ಕುರ್ಚಿಯಿಂದ ಎದ್ದೇಬಿಟ್ಟಳು. "ಅಲ್ಲಿ ಬರೀರಿ! ಗೆರೆ ಬೇಡ, ಪೆನ್ಸಿಲ್ ಬೇಡ, ಕೈ ನಿಲ್ಲಿಸಬೇಡಿ!"

ಬೋರ್ಡಣ್ಣ ಮನೆಗೆ ಬಂದವನೇ ಅಂಗಿ ಬದಲಿಸದೆ ಕೊಟ್ಟಿಗೆಗೆ ನುಗ್ಗಿದ. ಇದ್ದದ್ದರಲ್ಲಿ ಅತಿ ದಪ್ಪ ಕುಂಚವನ್ನು ಕೆಂಪು ಡಬ್ಬಿಗೆ ಅದ್ದಿ ಗೋಡೆಗೆ ಹೊಡೆದ. 'ಲೋ ಕಳ್ಳ!' ಮೊದಲ ಅಕ್ಷರವೇ ಓಲಾಡುತ್ತ ಇಳಿಯಿತು. ತಿದ್ದಲು ಕೈ ಹೋಯಿತು; ತಡೆದು ಮುಂದಕ್ಕೆ ನುಗ್ಗಿಸಿದ. 'ನನಗೇ ಮೋಸ ಮಾಡಿದೆಯಾ? ಗುಳಿಗೆ ನುಂಗಿ ಬಂದು ಏನೂ ಇಲ್ಲದವನ ಹಾಗೆ ಹಾಡುತ್ತಿದ್ದೆಯಾ, ಅದೂ ಅಪಸ್ವರದಲ್ಲಿ!' ಸಾಲಿನ ಮೇಲೆ ಸಾಲು ಹತ್ತಿತು, ಬಣ್ಣ ಮೊಣಕೈಗೆ ಇಳಿಯಿತು. ಕೆಂಪು ಮುಗಿಯಿತು, ಹಸಿರಿಗೆ ಕೈ ಹಾಕಿದ. ಜೀವಮಾನದಲ್ಲಿ ಇಷ್ಟು ಕೆಟ್ಟದಾಗಿ ಬರೆದಿರಲಿಲ್ಲ, ಇಷ್ಟು ಸುಖವೂ ಪಟ್ಟಿರಲಿಲ್ಲ. ಮೈಯೆಲ್ಲ ಬೆವೆತು, ಎಳೆಯ ಹುಡುಗನಂತೆ ಕುಣಿಕುಣಿದು ಬರೆದ.

ಸದ್ದು ಕೇಳಿ ಮಗಳು ಬಂದಳು. "ಅಪ್ಪಾ, ಏನಿದು ಅವತಾರ!"

"ಓದಬೇಡ, ಆಚೆ ಹೋಗು!"

"ಓದೋಕೆ ಎಲ್ಲಾಗುತ್ತೆ? ಕೋಳಿ ಕೆದಕಿದ ಹಾಗಿದೆ."

ಬೋರ್ಡಣ್ಣ ಹೊಟ್ಟೆ ಹಿಡಿದು ನಕ್ಕ. ಅಪ್ಪ ನಕ್ಕು ಎಷ್ಟು ಕಾಲವಾಯಿತೆಂದು ಮಗಳು ಕಣ್ಣೊರೆಸಿಕೊಂಡು ಬಾಗಿಲು ಎಳೆದುಕೊಂಡಳು.

ಅವನು ಮತ್ತೆ ಗೋಡೆಗೆ ತಿರುಗಿದ. 'ಯಾಕೆ ಹೇಳಲಿಲ್ಲ?' ಎಂದು ಬರೆದ. ಅದರ ಮೇಲೆಯೇ ಮತ್ತೊಮ್ಮೆ ಬರೆದ. ನಿಲ್ಲದ ಕೈ ತಾನಾಗಿ ಮುಂದೆ ಓಡಿತು: 'ಹೇಳಿದ್ದರೆ ನಾನು ನಿನ್ನನ್ನು ಏಣಿ ಹತ್ತಲು ಬಿಡುತ್ತಿರಲಿಲ್ಲ. ಮನೆಯಲ್ಲಿ ಕೂರಿಸುತ್ತಿದ್ದೆ. ನೀನು ಕೂತು ದಿನ ನೂಕುವವನೇ? ನನ್ನ ಪಕ್ಕದಲ್ಲಿ ನಿಂತು ಬರೆಯಬೇಕೆಂದೇ ನೀನು ಬಾಯಿ ಮುಚ್ಚಿಕೊಂಡಿದ್ದೆ, ಹುಚ್ಚಪ್ಪ.'

ಬರೆದದ್ದನ್ನು ತಾನೇ ನೋಡುತ್ತ ನಿಂತ. ಎಷ್ಟೋ ದಿನದಿಂದ ತಡೆದಿದ್ದ ಕಣ್ಣೀರು ಒಮ್ಮೆಲೇ ಕಟ್ಟೆಯೊಡೆದು ಬಂತು. ಅತ್ತಷ್ಟೂ ಎದೆ ಹಗುರವಾಯಿತು. ಸಿಟ್ಟಿದ್ದ ಜಾಗದಲ್ಲಿ ತಮ್ಮನೇ ಬಂದು ನಿಂತಂತಾಯಿತು. ಗಂಟಲಲ್ಲಿ ಮಾತು ಮೇಲೆದ್ದು ಬರುತ್ತಿರುವುದು ತಿಳಿದು ಬೋರ್ಡಣ್ಣ ಸಂಭ್ರಮದಿಂದ ಬಾಗಿಲು ತೆರೆದ.

"ಮಗಳೇ! ಎಲ್ಲರನ್ನೂ ಕರಿ, ಚಿಕ್ಕಮ್ಮನನ್ನೂ ಕರಿ! ಇವತ್ತು ಪ್ರಾರ್ಥನೆ ನಾನು ಹೇಳಿಕೊಡ್ತೀನಿ!"

ಎಲ್ಲರೂ ಅಂಗಳದಲ್ಲಿ ಸೇರಿದರು. ಬಣ್ಣ ಮೆತ್ತಿದ ಕೈಗಳನ್ನೇ ಜೋಡಿಸಿ ಬೋರ್ಡಣ್ಣ ಗಟ್ಟಿಯಾಗಿ ನುಡಿದ:

"ಭಗವಂತಾ, ನನ್ನ ತಮ್ಮ ನಿನ್ನ ಹತ್ತಿರ ಬಂದಿದ್ದಾನೆ. ಅವನ ನೋವೆಲ್ಲ ಇಲ್ಲಿಗೇ ಮುಗಿಯಲಿ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇದು ಅವನಿಗೆ ತಿಳಿಯಲಿ. ಅವನನ್ನು ನಿನ್ನ ಪಾದದ ನೆರಳಲ್ಲಿ ಇಟ್ಟುಕೋ. ಆ ಜೀವಕ್ಕೆ ಶಾಂತಿ ಕೊಡು, ತಂದೆ, ಶಾಂತಿ ಕೊಡು."