ಕೊಟ್ಟಿಗೆಯ ಗೋಡೆಯಲ್ಲಿದ್ದ ಕವೆ

ಏಪ್ರಿಲ್ ತಿಂಗಳ ಬಿಸಿಲು ಇನ್ನೂ ಎಳೆಯದಾಗಿತ್ತು. ಪೋ ನದಿಯ ಬಯಲಿನಲ್ಲಿ ಸಕ್ಕರೆ ಬೀಟಿನ ಸಸಿಗಳು ನಾಲ್ಕೆಲೆ ಬಿಟ್ಟಿದ್ದವು. ಒತ್ತೊತ್ತಾಗಿ ಎದ್ದವನ್ನು ಕಿತ್ತು ಗೇಣಿಗೊಂದು ಉಳಿಸುವ ಕೆಲಸ ಹೊಲಹೊಲದಲ್ಲೂ ನಡೆದಿತ್ತು. ತಲೆಗೆ ವಸ್ತ್ರ ಕಟ್ಟಿ, ಸೊಂಟ ಬಗ್ಗಿಸಿ ಸಾಲು ಹಿಡಿದಿದ್ದ ಹೆಂಗಸರು ರೈಲು ಹಾದಾಗ ಒಂದು ಗಳಿಗೆ ತಲೆಯೆತ್ತಿ ನೋಡಿ ಮತ್ತೆ ಬಗ್ಗುತ್ತಿದ್ದರು. ಇಂಥ ಕಾಲದಲ್ಲಿ ಬೇಸಾಯಗಾರ ಮನೆ ಬಿಟ್ಟು ಕದಲುವುದಿಲ್ಲ. ಆದರೂ ಜೆಲಿಂದೋ ತನ್ನ ಸಾಲುಗಳನ್ನು ತಂಗಿಗೆ ಒಪ್ಪಿಸಿ, ಹೆಂಡತಿ ಇನೇಸಳನ್ನು ಕರೆದುಕೊಂಡು ವೆನಿಸ್ಸಿಗೆ ಹೊರಟಿದ್ದ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಇಬ್ಬರೂ ಆ ಊರನ್ನು ಕಂಡವರಲ್ಲ.

ಅವನ ತೊಡೆಯ ಮೇಲೆ ಒಂದು ಹಿಟ್ಟಿನ ಚೀಲವಿತ್ತು. ಒಳಗೆ ಮೆಕ್ಕೆಜೋಳದ ಹಿಟ್ಟಿನ ತಣ್ಣಗಾದ ಮುದ್ದೆ ಪೊಲೆಂತಾ, ಅರ್ಧ ಸಲಾಮಿ ಮಾಂಸ, ಮತ್ತು ಒಂದು ಮರದ ತುಂಡು. ದೋಣಿಯ ಅಂಚಿಗೆ ಸಿಕ್ಕಿಸಿ, ಹುಟ್ಟನ್ನು ಒರಗಿಸಿಕೊಂಡು ನಡೆಸುವ ಕವೆ ಅದು. ವಾಲ್‌ನಟ್ ಮರದ್ದು. ಮಡಿಚಿದ ಮೊಣಕೈಯಂತೆ ತಿರುವಿ, ನುಣುಪಾಗಿ ಕೆತ್ತಿದ್ದು. ಪ್ರವಾಹದಿಂದ ಪಾರಾದಾಗ ಇನೇಸಳ ಕೈಯಲ್ಲಿ ಉಳಿದಿದ್ದ ಅದರ ಹೆಸರಾಗಲಿ ಉಪಯೋಗವಾಗಲಿ ಜೆಲಿಂದೋಗೆ ಹೋದ ತಿಂಗಳವರೆಗೂ ಗೊತ್ತಿರಲಿಲ್ಲ. ಅದಕ್ಕೆ ಎರಡು ತೂತು ಕೊರೆದು, ಕೊಟ್ಟಿಗೆಯಲ್ಲಿ ಸಂತ ಅಂತೋನಿಯ ಚಿತ್ರದ ಕೆಳಗೆ ಗೋಡೆಗೆ ಮೊಳೆ ಹೊಡೆದು ಅದರ ಮೇಲೆ ನೊಗ ನೇತುಹಾಕಿಕೊಂಡಿದ್ದ. ಹಾವುಮೀನು ಮಾರಲು ಬಂದವನೊಬ್ಬ ಕಂಡು, "ಇದು ವೆನಿಸ್ ದೋಣಿಯವನ ಕವೆ ಕಣಯ್ಯಾ. ಬುಡದಲ್ಲಿ ಕೆತ್ತಿದವನ ಗುರುತಿದೆ ನೋಡು. ಅವನ ಅಂಗಡಿ ನಂಗೊತ್ತು. ಯಾರಿಗೆ ಮಾಡಿಕೊಟ್ಟಿದ್ದು ಅಂತ ಅವನೇ ಹೇಳ್ತಾನೆ" ಅಂದುಬಿಟ್ಟಿದ್ದ.

ಅಂದಿನಿಂದ ಇನೇಸಳಿಗೆ ನಿದ್ದೆ ಸರಿಯಾಗಿರಲಿಲ್ಲ.

ಆರು ವರ್ಷದ ಹಿಂದೆ ನವೆಂಬರಿನಲ್ಲಿ ಪೋ ನದಿ ಒಡ್ಡು ಒಡೆದು ಬಯಲೆಲ್ಲ ಸಮುದ್ರವಾದಾಗ ಜೆಲಿಂದೋ ಊರಲ್ಲಿರಲಿಲ್ಲ. ಬೆಲ್ಜಿಯಮ್ಮಿನ ಕಲ್ಲಿದ್ದಲು ಗಣಿಯಲ್ಲಿದ್ದ. ಮನೆಯಲ್ಲಿದ್ದವರು ಇನೇಸ್, ಅತ್ತೆ ಅಮಾಬಿಲೆ, ಗಣಿಯ ದುಡ್ಡಿನಲ್ಲಿ ಕೊಂಡ ಬಿಯೋಂದಾ ಎಂಬ ಹಸು. ನೀರು ಏರಿದಂತೆ ಅತ್ತೆ ಸೊಸೆ ಸೇರಿ ಹಸುವನ್ನು ಮೆಟ್ಟಿಲು ಹತ್ತಿಸಿ ಮಲಗುವ ಕೋಣೆಗೆ ತಂದಿದ್ದರು. ಮರುದಿನ ಒಂದು ದೋಣಿ ಕಿಟಕಿಗೆ ಬಂತು. ಇನೇಸ್ ಇಳಿದಳು. ಅಮಾಬಿಲೆ ಇಳಿಯಲಿಲ್ಲ. ಹಸುವಿನ ಹಗ್ಗವನ್ನು ಕೈಗೆ ಸುತ್ತಿಕೊಂಡು, "ಇದನ್ನ ಬಿಟ್ಟು ನಾನು ಬರೋಳಲ್ಲ" ಎಂದು ನಿಂತಳು. ಮಗ ರೈಲು ಹತ್ತುವಾಗ ಹೇಳಿ ಹೋಗಿದ್ದ ಮಾತು ಅದು: "ಏನೇ ಆಗ್ಲಿ ಅಮ್ಮಾ, ಹಸು ಒಂದನ್ನ ಬಿಡಬೇಡ." ಆ ರಾತ್ರಿ ಮನೆ ಕುಸಿಯಿತು.

ಜೆಲಿಂದೋ ವಾಪಸು ಬಂದಾಗ ಇನೇಸ್ ಹೇಳಿದ್ದು ಇಷ್ಟೇ: "ದೋಣಿ ಬಂತು. ಅತ್ತೇನ ಕರ್ಕೊಂಡು ಬರೋಕಾಗ್ಲಿಲ್ಲ." ಉಳಿದದ್ದನ್ನು ಅವನೇ ಕಟ್ಟಿಕೊಂಡ. ದೋಣಿಯಲ್ಲಿ ಇನ್ನೂ ಜಾಗವಿತ್ತೆಂದು ಹೆಂಡದಂಗಡಿಯಲ್ಲಿ ಯಾರೋ ಹೇಳಿದರು. ಹರೆಯದವಳನ್ನು ಹತ್ತಿಸಿಕೊಂಡು ಮುದುಕಿಯನ್ನು ಬಿಟ್ಟುಹೋದ ದೋಣಿಯವನೊಬ್ಬ ಅವನ ಎದೆಯಲ್ಲಿ ಮನೆ ಮಾಡಿದ. ಹಸುವಿನ ಬಗ್ಗೆ ತಾನು ಆಡಿದ ಮಾತು ಜೆಲಿಂದೋಗೆ ನೆನಪೇ ಇರಲಿಲ್ಲ. ಇನೇಸಳಿಗೆ ನೆನಪಿತ್ತು. ಹೇಳಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ಸುಮ್ಮನಿದ್ದಳು.

"ಅವನು ಸಿಕ್ಕಿದ್ರೆ ಏನು ಮಾಡ್ತೀಯ?" ರೈಲು ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆಗೆ ಏರಿದಾಗ ಅವಳು ಕೇಳಿದಳು. ಎರಡೂ ಕಡೆ ನೀರು. ಅವಳು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು.

"ಅವನ ವಸ್ತು ಅವನಿಗೆ ಕೊಡ್ತೀನಿ. ಆಮೇಲೆ ಒಂದು ಮಾತು ಕೇಳ್ತೀನಿ."

"ಕೇಳಿ?"

"ಅವನು ಏನು ಹೇಳ್ತಾನೋ ನೋಡ್ಕೊಂಡು."

ನಿಲ್ದಾಣದ ಮೆಟ್ಟಿಲಿಳಿದರೆ ಕಾಲಬುಡಕ್ಕೇ ದೊಡ್ಡ ಕಾಲುವೆ. ಯಂತ್ರದ ದೋಣಿಗಳು ಜನರನ್ನು ತುಂಬಿಕೊಂಡು ಹೋಗುತ್ತಿದ್ದವು. ಇನೇಸಳ ಮುಖ ನೋಡಿ ಜೆಲಿಂದೋ, "ನಡಿ, ನಡ್ಕೊಂಡೇ ಹೋಗೋಣ" ಅಂದ.

ಓಣಿಗಳು ಬಿಚ್ಚಿದ ನೂಲುಂಡೆಯ ಹಾಗೆ ಸುತ್ತುತ್ತಿದ್ದವು. ಒಂದು ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು. ಮೇಲಿನ ಕಿಟಕಿಯಿಂದ ಒಬ್ಬಾಕೆ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟಿದ್ದಳು. ಕೆಳಗೆ ತರಕಾರಿ ದೋಣಿಯವನು ಎಳೆಯ ಪಲ್ಲೆಹೂವಿನ ಮೊಗ್ಗು ತುಂಬುತ್ತಿದ್ದ. ಆಕೆ ಮೇಲಿಂದಲೇ, "ಹೋದ ಸಲದ ಹಾಗೆ ಮುದಿಯಾದ್ದು ಹಾಕಿದ್ರೆ ನಿನ್ನ ತಲೆ ಮೇಲೇ ಸುರೀತೀನಿ" ಎಂದು ಕೂಗಿದಳು. "ಮುದಿಯಾದ್ದು ಯಾರು ಅಂತ ಊರಿಗೇ ಗೊತ್ತು ಬಿಡಕ್ಕಾ!" ಎಂದು ಅವನು ಬುಟ್ಟಿಯನ್ನು ತಟ್ಟಿದ.

"ಇಡೀ ಊರಲ್ಲಿ ಒಂದು ಬಂಡಿ ಇಲ್ವಲ್ಲೇ," ಜೆಲಿಂದೋ ಅಂದ. "ಗೊಬ್ಬರ ಹೇಗೆ ಸಾಗಿಸ್ತಾರೆ?"

"ಗೊಬ್ಬರ ಯಾಕೆ ಬೇಕು, ಕಲ್ಲಿಗೆ ಹಾಕೋಕಾ?"

ಅವನು ನಕ್ಕ. ಆ ನಗು ಕೇಳಿ ಇನೇಸಳಿಗೆ ಆಸೆಯಾಯಿತು. ಅಂಗಡಿ ಸಿಗದಿರಲಿ, ಕೆತ್ತಿದವನು ಸತ್ತುಹೋಗಿರಲಿ, ಹೀಗೆಯೇ ಸಂಜೆಯವರೆಗೆ ಸುತ್ತಿ, ಎಲ್ಲರೂ ಹೇಳುವ ಆ ದೊಡ್ಡ ಚರ್ಚಿನ ಚಿನ್ನದ ಗೋಡೆ ನೋಡಿ, ರೈಲು ಹತ್ತಿಬಿಡೋಣ ಅನ್ನಿಸಿತು.

"ಮೊದಲು ಚರ್ಚಿಗೆ ಹೋಗಿ ಒಂದು ಮೇಣದಬತ್ತಿ ಹಚ್ಚೋಣ," ಅಂದಳು. "ಅತ್ತೆ ಹೆಸರಲ್ಲಿ."

"ಮೊದಲು ಅವನು. ಬತ್ತಿ ಆಮೇಲೆ."

ದಾರಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ನೇರ ಹೋಗಿ, ಸೇತುವೆ ದಾಟಿ, ಮತ್ತೆ ನೇರ." ಆ ಊರಲ್ಲಿ ನೇರವಾದದ್ದು ಒಂದೂ ಇರಲಿಲ್ಲ. ಹಾಗೆ ನೇರ ಹೋದ ಓಣಿಯೊಂದು ತಿರುವಿನಲ್ಲಿ ಕತ್ತಲಾಗಿ, ತಟಕ್ಕನೆ ಮುಗಿದು, ಪಾಚಿಗಟ್ಟಿದ ಎರಡು ಮೆಟ್ಟಿಲಾಗಿ ನೀರೊಳಕ್ಕೆ ಇಳಿದಿತ್ತು. ಮುಂದೆ ನಡೆಯುತ್ತಿದ್ದ ಇನೇಸ್ ಅಲ್ಲೇ ನಿಂತಳು. ಎದುರು ಮನೆಯ ಕಿಟಕಿಯ ಕೆಳಗೇ ನೀರು ತಪತಪ ಬಡಿಯುತ್ತಿತ್ತು. ಕಿಟಕಿಯ ಮಟ್ಟದ ನೀರು, ಅದೇ ಸದ್ದು. ಅವಳ ಬೆರಳುಗಳು ಗೋಡೆಯ ಸುಣ್ಣವನ್ನು ಕೆರೆದವು.

ಜೆಲಿಂದೋ ಅವಳ ರೆಟ್ಟೆ ಹಿಡಿದು ಹಿಂದಕ್ಕೆ ತಂದ.

"ನೋಡು," ಅವನ ದನಿ ಗಡುಸಾಗಿತ್ತು. "ಇಷ್ಟು ವರ್ಷ ಆದ್ರೂ ನಿನಗೆ ಹೀಗಾಗುತ್ತೆ. ಅಮ್ಮನಿಗೆ ಹೇಗಾಗಿರಬೇಕು? ಅದೇ ಅವನನ್ನ ಕೇಳಬೇಕು ನಾನು."

ಈಗಲೇ ಹೇಳಿಬಿಡಲೇ ಎಂದು ಅವಳ ನಾಲಿಗೆ ತುದಿಗೆ ಬಂತು. ಅವನು ಆಗಲೇ ತಿರುಗಿ ನಡೆಯುತ್ತಿದ್ದ.

ಕೆತ್ತುವವನ ಅಂಗಡಿ ಒಂದು ಸಣ್ಣ ಕಾಲುವೆಯ ಪಕ್ಕದಲ್ಲಿತ್ತು. ಒಳಗೆ ಹಸಿ ಮರದ ವಾಸನೆ. ಗೋಡೆಗೆ ಒರಗಿಸಿದ ಉದ್ದುದ್ದ ಹುಟ್ಟುಗಳು. ಬೋಳುತಲೆಯ ಮುದುಕ ಕವೆಯನ್ನು ಕೈಗೆ ತೆಗೆದುಕೊಂಡವನೇ ಆ ಎರಡು ತೂತುಗಳನ್ನು ಕಂಡು ಎದೆ ಹಿಡಿದುಕೊಂಡ.

"ಮಡೋನ್ನಾ! ಇದೇನಯ್ಯಾ ಇದು?"

"ಗೋಡೆಗೆ ಹೊಡೆದಿದ್ದೆ. ನೊಗ ನೇತುಹಾಕೋಕೆ."

"ನೊಗ! ನಿನ್ನ ಮೊಣಕೈಗೆ ಮೊಳೆ ಹೊಡೆದು ಯಾರಾದ್ರೂ ಟೋಪಿ ನೇತುಹಾಕಿದ್ರೆ ಹೇಗಿರುತ್ತೆ? ಮನುಷ್ಯನ ಎತ್ತರ, ತೋಳು, ನಿಲ್ಲೋ ರೀತಿ ಎಲ್ಲ ನೋಡಿ ಮಾಡೋದಯ್ಯಾ ಇದನ್ನ. ಒಬ್ಬನದು ಇನ್ನೊಬ್ಬನಿಗೆ ಆಗಲ್ಲ." ಮುದುಕ ಅದರ ಒಳಬಾಗಿನಲ್ಲಿ ಹೆಬ್ಬೆರಳು ಓಡಿಸಿದ. "ಇದು ಆ ಕುಳ್ಳ ಅಲ್ವಿಸೆದು. ಪ್ರವಾಹದ ವರ್ಷ ದೋಣಿ ತಗೊಂಡು ಹೋದವನು, ಬರುವಾಗ ಇದಿಲ್ಲದೆ ಬಂದ. ಏನಾಯ್ತೋ ಅಂದ್ರೆ, ಬಿಡಪ್ಪ, ಒಳ್ಳೆ ಕೈಯಲ್ಲಿದೆ ಅಂದಿದ್ದ." ಜೆಲಿಂದೋನನ್ನು ಮೇಲಿಂದ ಕೆಳಗೆ ನೋಡಿದ. "ಒಳ್ಳೆ ಕೈ! ಹೋಗು, ಮೀನು ಮಾರುಕಟ್ಟೆ ಎದುರು ದಾಟುದೋಣಿ ನಡೆಸ್ತಾನೆ. ತೂತು ಅವನಿಗೆ ತೋರಿಸುವಾಗ ನಾನಲ್ಲಿ ಇರಬೇಕಿತ್ತು."

ಮಾರುಕಟ್ಟೆ ಮುಗಿದ ಹೊತ್ತು. ಕಲ್ಲಿನ ಮೇಲೆ ಮೀನಿನ ಹುರುಪೆ ಹೊಳೆಯುತ್ತಿತ್ತು. ಹಲಗೆಯ ಕಟ್ಟೆಗೆ ಒಂದು ಕಪ್ಪು ದೋಣಿ ಕಟ್ಟಿತ್ತು. ಅದರ ಇಬ್ಬರು ಹುಟ್ಟುಗಾರರಲ್ಲಿ ಒಬ್ಬ ಊಟಕ್ಕೆ ಹೋಗಿದ್ದ. ಹಿಂಭಾಗದಲ್ಲಿ ಒಬ್ಬ ಕುಳ್ಳ ಮನುಷ್ಯ ಬ್ರೆಡ್ಡು ಅಗಿಯುತ್ತ ನಿಂತಿದ್ದ. ಅರವತ್ತರ ಹತ್ತಿರದ ವಯಸ್ಸು. ಇನೇಸಳಿಗೆ ಕೇಳಬೇಕಾಗಿರಲಿಲ್ಲ. ಆ ಭುಜ ಅವಳಿಗೆ ಗೊತ್ತಿತ್ತು.

"ಆ ದಡಕ್ಕಾ? ಹತ್ತಿ ಹತ್ತಿ. ಇಬ್ಬರೇ ಆದ್ರೂ ಪರವಾಗಿಲ್ಲ. ನಿಂತ್ಕೊಳ್ಳೋದು ಇಲ್ಲಿ ವಾಡಿಕೆ, ಆದ್ರೆ ತಾಯಿ ಬೇಕಾದ್ರೆ ಕೂತ್ಕೊಳ್ಳಲಿ."

"ಬೇಡ," ಇನೇಸ್ ಗಂಡನ ತೋಳು ಹಿಡಿದಳು. "ಇಲ್ಲೇ ಮಾತಾಡು. ನೀರಿನ ಮೇಲೆ ಬೇಡ."

"ನೀರಿನ ಮೇಲೇ," ಅಂದ ಜೆಲಿಂದೋ. "ಅಲ್ಲಿ ಇವನು ಓಡಿಹೋಗೋಕಾಗಲ್ಲ."

ಅವನನ್ನು ಒಬ್ಬನೇ ಬಿಡುವ ಧೈರ್ಯ ಅವಳಿಗಿರಲಿಲ್ಲ. ಹತ್ತಿದಳು. ದೋಣಿಯ ತಳದಲ್ಲಿ ಕುಸಿದು ಕೂತು ಎರಡು ಕೈಯಲ್ಲೂ ಅಂಚು ಹಿಡಿದಳು. ಅಲ್ವಿಸೆ ಹುಟ್ಟು ಒತ್ತಿದ. ಕಟ್ಟೆ ದೂರವಾಯಿತು.

ಕಾಲುವೆಯ ನಡುವೆ ಬಂದಾಗ ಜೆಲಿಂದೋ ಚೀಲದಿಂದ ಕವೆ ತೆಗೆದ.

"ಇದು ನಿಂದಾ?"

ಹುಟ್ಟು ನಿಂತಿತು. ಅಲ್ವಿಸೆ ಕವೆಯನ್ನು ನೋಡಿದ. ಆಮೇಲೆ, ಮೊದಲ ಸಲ ಎಂಬಂತೆ, ಕೆಳಗೆ ಕೂತವಳನ್ನು ನೋಡಿದ.

"ಹಸಿರು ಕಿಟಕಿಯ ಮನೆ," ಅಂದ ಮೆಲ್ಲಗೆ.

"ಅದೇ. ಅಲ್ಲಿ ಇನ್ನೊಬ್ಬಳು ಇದ್ದಳು. ನನ್ನ ತಾಯಿ. ಅವಳನ್ನ ಯಾಕೆ ಬಿಟ್ಟು ಬಂದೆ?"

ಅಲ್ವಿಸೆಯ ಕಣ್ಣು ಇನೇಸಳ ಮೇಲೇ ಇತ್ತು. ಅವಳು ತಲೆ ತಗ್ಗಿಸಿ ದೋಣಿಯ ತಳದಲ್ಲಿ ನಿಂತಿದ್ದ ಒಂದಿಷ್ಟು ನೀರನ್ನು ನೋಡುತ್ತಿದ್ದಳು. ಇವಳು ಗಂಡನಿಗೆ ಹೇಳಿಲ್ಲ ಎಂಬುದು ಅಲ್ವಿಸೆಗೆ ತಿಳಿಯಿತು ಎಂದು ಅವಳಿಗೂ ತಿಳಿಯಿತು.

"ದೋಣಿ ತುಂಬಿತ್ತು," ಅಂದ ಅಲ್ವಿಸೆ.

"ಸುಳ್ಳು. ನೀವಿಬ್ಬರೇ ಇದ್ರಂತೆ."

"ಹಾಗಾದ್ರೆ ಹೆದರಿಕೊಂಡೆ ಅಂತ ಇಟ್ಕೋ. ತೊಲೆಗಳು ತೇಲಿ ಬರ್ತಿದ್ವು. ಜೀವಭಯ. ಹೆದರಿದೆ, ಬಿಟ್ಟು ಬಂದೆ. ಸಾಕಾ?"

ಜೆಲಿಂದೋನ ಕೈ ಮೇಲೆದ್ದಿತು. ಮೊಣಕೈಯಂಥ ಆ ಗಟ್ಟಿ ಮರ ಅವನ ಭುಜದ ಮೇಲಕ್ಕೆ ಹೋಯಿತು. ಅಲ್ವಿಸೆ ತಲೆಯನ್ನೂ ಸರಿಸಲಿಲ್ಲ. ಕಾಲುವೆಯ ತಿರುವಿನಲ್ಲಿ ಯಂತ್ರದ ದೋಣಿಯ ಸಿಳ್ಳು ಕೇಳಿಸಿತು.

ಇನೇಸ್ ಎದ್ದು ನಿಂತಳು. ಯಾವುದನ್ನೂ ಹಿಡಿಯದೆ, ಅಲುಗುವ ದೋಣಿಯ ನಡುವೆ ನಿಂತುಬಿಟ್ಟಳು.

"ಹಸು!" ಅಂದಳು. "ಹಸು ಬಿಟ್ಟು ಬರಲ್ಲ ಅಂತ ಅತ್ತೆ ಹಗ್ಗ ಕೈಗೆ ಸುತ್ತಿಕೊಂಡ್ಲು ಕಣೋ. ಇವರು ಎರಡು ಸಲ ಕಿಟಕಿಗೆ ಬಂದ್ರು. ಕಾಲು ಹಿಡಿದು ಎಳೆದ್ರು. ಅತ್ತೆ ಒದ್ದಳು. ಇವರ ಮುಖಕ್ಕೆ ಒದ್ದಳು!"

ಕೈ ಹಾಗೇ ಮೇಲೆ ನಿಂತಿತ್ತು. "ಯಾಕೆ?"

"ನೀನು ಹೇಳಿ ಹೋಗಿದ್ದೆಯಲ್ಲ, ಹಸು ಬಿಡಬೇಡ ಅಂತ. 'ನನ್ನ ಮಗ ನೆಲದೊಳಗೆ ಮಸಿ ನುಂಗಿ ಕೊಂಡಿರೋ ಹಸು, ಬಂದು ಕೇಳಿದ್ರೆ ಏನು ಹೇಳ್ಲಿ' ಅಂದ್ಲು."

ಸಿಳ್ಳು ಇನ್ನೂ ಹತ್ತಿರದಲ್ಲಿ ಕೂಗಿತು. "ಕೂತ್ಕೊಳ್ಳಿ ಇಬ್ಬರೂ!" ಎಂದು ಅಲ್ವಿಸೆ ಗದರಿ, ಮೈಯೆಲ್ಲ ಬಾಗಿಸಿ ಹುಟ್ಟು ಒತ್ತಿದ. ಯಂತ್ರದ ದೋಣಿ ಪಕ್ಕದಲ್ಲೇ ಹಾದುಹೋಯಿತು. ಅಲೆ ಬಂದು ಇನೇಸಳ ಲಂಗವನ್ನು ಮಂಡಿಯವರೆಗೆ ತೋಯಿಸಿತು. ಅವಳಿಗೆ ಗೊತ್ತೇ ಆಗಲಿಲ್ಲ. ಅವಳು ಗಂಡನ ಮುಖ ನೋಡುತ್ತಿದ್ದಳು.

ಆಚೆ ದಡದ ಹಲಗೆಯ ಮೇಲೆ ಜೆಲಿಂದೋ ಕೂತ. ಸೇರಿದ ನಾಲ್ಕಾರು ಜನರನ್ನು ಅಲ್ವಿಸೆ, "ದೋಣಿ ಸ್ವಲ್ಪ ದಣಿದಿದೆ, ತಡೀರಿ" ಎಂದು ತಡೆದ. "ದೋಣಿಯೋ, ನೀನೋ?" ಎಂದು ಮೀನಿನ ಚೀಲ ಹಿಡಿದ ಒಬ್ಬಳು ಚುಚ್ಚಿದಳು.

"ಹಗ್ಗ ಯಾವುದು?" ಜೆಲಿಂದೋ ಕೊನೆಗೆ ಕೇಳಿದ.

"ಯಾವ ಹಗ್ಗ?"

"ಕೈಗೆ ಸುತ್ತಿಕೊಂಡಿದ್ದು."

"ನಮ್ಮ ಸೆಣಬಿನದೇ," ಇನೇಸ್ ಅಂದಳು. "ನೀನು ಹೊಸೆದಿದ್ದು."

ಅವನು ತಲೆಯಾಡಿಸಿದ. ಗಟ್ಟಿಯಾದ ಹಗ್ಗ ಅದು, ಜಾರುವಂಥದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಟೋಪಿ ತೆಗೆದು ಮುಖ ಒರೆಸಿಕೊಂಡ.

"ನನ್ನ ಬಿಟ್ಟು ಊರಿಗೆಲ್ಲ ಗೊತ್ತಿತ್ತಾ?"

"ಇಲ್ಲ. ನನಗೆ, ಇವರಿಗೆ, ಅಷ್ಟೇ."

ಕವೆ ಅವನ ಮಡಿಲಲ್ಲಿ ಬಿದ್ದಿತ್ತು. ಇನೇಸ್ ಅದನ್ನು ತೆಗೆದುಕೊಂಡು ಅಲ್ವಿಸೆಗೆ ಎರಡೂ ಕೈಯಲ್ಲಿ ಚಾಚಿದಳು. ಅಂದು ಮುದುಕಿಗೆ ಕಾಲಿಡಲು ಜಾಗವಾಗಲಿ ಎಂದು ಅವನು ಮುಂದಿನ ಕವೆ ಕಿತ್ತು, "ಹಿಡ್ಕೋ ಮಗಳೇ, ಬಿಡಬೇಡ" ಎಂದು ಅವಳ ಕೈಗೆ ಕೊಟ್ಟಿದ್ದ. ಒಡ್ಡಿನ ಮೇಲೆ ಸೈನ್ಯದ ಲಾರಿ ಹತ್ತಿದಾಗಲೂ ಅದು ಅವಳ ಶಾಲಿನೊಳಗಿತ್ತು.

"ಹಿಡ್ಕೋ ಅಂದಿದ್ರಿ," ಅಂದಳು. "ಹಿಡ್ಕೊಂಡಿದ್ದೆ. ಇವತ್ತು ನೀವು ನನಗೋಸ್ಕರ ಸುಳ್ಳು ಹೇಳಿದ್ರಿ. ಆ ಸುಳ್ಳು ನನಗೆ ಬೇಡ."

ಅಲ್ವಿಸೆ ಕವೆಯನ್ನು ತಿರುಗಿಸಿ ನೋಡಿದ. ತೂತುಗಳ ಮೇಲೆ ಬೆರಳಿಟ್ಟ.

"ಇದೇನು?"

"ನೊಗ," ಜೆಲಿಂದೋ ನೆಲ ನೋಡುತ್ತ ಅಂದ. "ಕೊಟ್ಟಿಗೆಯಲ್ಲಿ."

"ಅಯ್ಯೋ ನಿನ್ನ! ದೋಣಿ ನಡೆಸೋದನ್ನ ಎತ್ತಿನ ಚಾಕರಿಗೆ ಹಾಕಿದ್ಯಾ?" ಅವನು ಬಗ್ಗಿ ಅದನ್ನು ದೋಣಿಯ ಅಂಚಿನ ಖಾಲಿ ಕುಳಿಗೆ ಇಳಿಸಿದ. ಮೊದಲು ಹೋಗಲಿಲ್ಲ. ಸಗಣಿಯ ಒಣಗಿದ ಚೂರೊಂದು ಬುಡಕ್ಕೆ ಅಂಟಿತ್ತು. ಉಗುರಿನಿಂದ ಕೆರೆದು ಮತ್ತೆ ಒತ್ತಿದ. ಕೂತಿತು. ಇನ್ನೊಂದು ಹುಟ್ಟನ್ನು ಒರಗಿಸಿ ನೋಡಿ, ಮೂಗುಜ್ಜಿಕೊಂಡ.

ಜೆಲಿಂದೋ ಎದ್ದ. ಚೀಲದಿಂದ ಪೊಲೆಂತಾ ತೆಗೆದು, ಮಂಡಿಯ ಮೇಲಿಟ್ಟು ಮೂರು ಪಾಲು ಮುರಿದ. ದೊಡ್ಡದನ್ನು ಅಲ್ವಿಸೆಗೆ ಚಾಚಿದ. ಕಣ್ಣಿಗೆ ಕಣ್ಣು ಕೊಡಲಿಲ್ಲ. ಅಲ್ವಿಸೆ ತೆಗೆದುಕೊಂಡ.

"ಬತ್ತಿ ಹಚ್ಚಬೇಕು ಅಂದೆಯಲ್ಲ," ಅಂದ ಜೆಲಿಂದೋ ಹೆಂಡತಿಗೆ. "ಚರ್ಚು ಯಾವ ಕಡೆ?"

"ನೇರ ಹೋಗಿ," ಅಲ್ವಿಸೆ ತುಂಬಿದ ಬಾಯಲ್ಲೇ ಅಂದ. "ಸೇತುವೆ ದಾಟಿ ಮತ್ತೆ ನೇರ."

ಒದ್ದೆ ಲಂಗವನ್ನು ಹಿಂಡಿಕೊಂಡು ಇನೇಸ್ ಹೊರಟಳು. ಗಂಡ ಅವಳ ಹಿಂದೆ ಒಂದೆರಡು ಹೆಜ್ಜೆ ದೂರದಲ್ಲಿ ಬರುತ್ತಿದ್ದ, ಬಗಲಲ್ಲಿ ಹಗುರಾದ ಚೀಲ ಇಟ್ಟುಕೊಂಡು. ಅವನು ತನ್ನ ಮೇಲೆ ಸಿಟ್ಟಾಗಿದ್ದಾನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಓಣಿ ಕಿರಿದಾದ ಕಡೆ ಅವನು ಹಿಂದೆ ಬೀಳದಂತೆ ನಿಧಾನ ಮಾಡಿದಳು, ಅಷ್ಟೇ.