ದ್ರಾಕ್ಷಿ ಪಡದ ಸೊಪ್ಪು

ಮುಂಗಾಲು ಮಡಚಿ ಬಿದ್ದಿದ್ದ ಕರಿ ಕುರಿಯ ಬಾಯೊಳಗೆ ಸೋಮನಿಂಗ ಎರಡು ಬೆರಳು ತುರುಕಿದ. ಹೊರಗೆ ಬಂದ ನೊರೆ ನೀಲಿಯಾಗಿತ್ತು. ಹುಟ್ಟಿದಾಗಿನಿಂದ ಕುರಿಯ ಬೆನ್ನ ಹಿಂದೆಯೇ ಬೆಳೆದವನು ಅವನು. ಹಾವು ಕಡಿದು ಸತ್ತದ್ದು, ಹೊಟ್ಟೆ ಉಬ್ಬಿ ಸತ್ತದ್ದು, ಎಳೆ ಜೋಳದ ಕುಡಿ ತಿಂದು ಸತ್ತದ್ದು ಎಲ್ಲ ನೋಡಿದ್ದ. ನೀಲಿ ನೊರೆ ಮಾತ್ರ ನೋಡಿರಲಿಲ್ಲ. ಕುರಿ ಒಮ್ಮೆ ಕಾಲು ಝಾಡಿಸಿತು, ಅವನ ಬೆರಳು ಕಚ್ಚಿತು, ಕಚ್ಚಿಕೊಂಡೇ ಸತ್ತಿತು. ಬೆರಳು ಬಿಡಿಸಿಕೊಳ್ಳಲು ಅವನು ಅದರ ದವಡೆ ಅಗಲಿಸಬೇಕಾಯಿತು.

ದೇವಣಗಾಂವದ ಹೊಳೆದಂಡೆಯ ಮೇಲೆ ಬಿಸಿಲು ಇನ್ನೂ ಏರಿರಲಿಲ್ಲ, ಅಷ್ಟರಲ್ಲೇ ಅರ್ಧ ಹಿಂಡು ನೆಲ ಹಿಡಿದಿತ್ತು. ನಿಂತವು ಹಲ್ಲು ಕಡಿಯುತ್ತಿದ್ದವು, ಹಿಂದಿನಿಂದ ಹಸಿರು ನೀರು ಹರಿಸುತ್ತಿದ್ದವು. ಹೆಂಡತಿ ಸಾತವ್ವ ಬಿದಿರಿನ ಗೊಟ್ಟ ಹಿಡಿದು ಒಂದರಿಂದ ಒಂದಕ್ಕೆ ಓಡಿ ಮಜ್ಜಿಗೆ ಕುಡಿಸುತ್ತಿದ್ದಳು. ಕುಡಿದವೂ ಸಾಯುತ್ತಿದ್ದವು. ಹಿಂದೊಮ್ಮೆ ಬಿದ್ದ ದೊಡ್ಡ ಬರದಲ್ಲಿ ಎಲ್ಲ ಹೋಗಿ, ಉಳಿದ ನಾಲ್ಕಾರು ತಾಯಿಕುರಿಗಳಿಂದ ಗಂಡ ಹೆಂಡತಿ ಮತ್ತೆ ಕಟ್ಟಿದ ಹಿಂಡು ಇದು. ಮಕ್ಕಳಾಗದ ಸಾತವ್ವ ಒಂದೊಂದಕ್ಕೂ ಹೆಸರಿಟ್ಟು ಕರೆಯುತ್ತಿದ್ದಳು.

"ಯಣ್ಣಾ, ಇಲ್ಲಿ ನೋಡು."

ತಮ್ಮ ಅಮಸಿದ್ದ ಸತ್ತ ಟಗರೊಂದರ ಹೊಟ್ಟೆ ಸೀಳಿ ಕರುಳು ಹೊರಗೆಳೆದಿದ್ದ. ಮೊಣಕೈವರೆಗೂ ರಕ್ತ. ಕೊಡಲಿಯ ತುದಿಯಿಂದ ಹೊಟ್ಟೆಚೀಲ ತಿರುವಿ ತೋರಿಸಿದ. ಒಳಗೆ ಅರ್ಧ ಜಗಿದ ದ್ರಾಕ್ಷಿ ಎಲೆ, ಎಲೆಯ ಸುತ್ತ ಅದೇ ನೀಲಿ.

"ಇಸಾ ಐತಿ. ಗೌಡ ಇಸಾ ಹಾಕ್ಯಾನ."

"ಸುಮ್ಕಿರೊ."

"ನಾ ಸುಮ್ಕಿದ್ದದ್ದಕ್ಕ ಒಂದ ಕಾಲ ಹೋತು. ಇನ್ನೇನ ಹೋಗಬೇಕಂತಿ?"

ಹಿಂದಿನ ವರ್ಷ ಮಳೆಗಾಲದಲ್ಲಿ ಹಿಂಡು ಬೇಲಿ ಮುರಿದು ಶ್ರೀಶೈಲಪ್ಪಗೌಡನ ದ್ರಾಕ್ಷಿ ಪಡಕ್ಕೆ ನುಗ್ಗಿ ಚಿಗುರು ತಿಂದಿತ್ತು. ಗೌಡನ ಆಳುಗಳು ಅಮಸಿದ್ದನನ್ನು ಕಲ್ಲುಕಂಬಕ್ಕೆ ಒತ್ತಿ ಹಿಡಿದು ಹಾರೆಯಿಂದ ಮೊಣಕಾಲು ಮುರಿದರು. ಗೌಡ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದ. ಹೊಡೆಯಿರಿ ಎನ್ನಲಿಲ್ಲ, ಬಿಡಿರಿ ಎಂದೂ ಅನ್ನಲಿಲ್ಲ.

ಹಾಗೆಂದು ಗೌಡ ಕೆಟ್ಟವನೇ? ಹಟಮಾರಿ ಅನ್ನಬಹುದು. ಅಪ್ಪ ಅಜ್ಜ ಜೋಳ ಬಿತ್ತಿದ ಎರೆಯ ನೆಲದಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಾವಿಗೆ ಇಂಜಿನ್ನು ಕೂಡಿಸಿ ದ್ರಾಕ್ಷಿ ಹಚ್ಚಿದ. 'ಗೌಡ ಕಂಬ ನೆಟ್ಟು ಬಿಸಿಲು ಬೆಳೀತಾನ' ಎಂದು ಊರು ನಕ್ಕಿತು. ಮೊದಲ ಗೊನೆ ಬಿದ್ದ ದಿನ ನಕ್ಕವರೇ ಬುಟ್ಟಿ ಹಿಡಿದು ಬಂದರು. ಆದರೆ ಅಮಸಿದ್ದ ಕುಂಟುತ್ತ ಊರಬಾಗಿಲ ಅಗಸಿ ಮುಂದೆ ಹಾದಾಗಲೆಲ್ಲ ಗೌಡ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಹೆಂಡತಿ ಹೊನ್ನವ್ವ ಅದನ್ನು ನೋಡಿ ನೋಡಿ ಬೇಸತ್ತಳು. ಈ ದಸರೆಯಲ್ಲಿ ಅವಳೇ ಹಟ ಹಿಡಿದು ಗಂಡನನ್ನೂ ಸೋಮನಿಂಗನನ್ನೂ ಸಿದ್ಧನ ಗುಡಿಗೆ ಕರೆಸಿ, ಒಬ್ಬರ ಹಣೆಗೊಬ್ಬರಿಂದ ದೇವರ ಅರಿಶಿನದ ಭಂಡಾರ ಹಚ್ಚಿಸಿದಳು. ಭಂಡಾರ ಮುಟ್ಟಿ ಮುಗಿದ ಮೇಲೆ ಮುಗಿಯಿತು, ಕುರುಬನಿಗೆ ಅದಕ್ಕಿಂತ ದೊಡ್ಡ ಕೋರ್ಟಿಲ್ಲ. ಸೋಮನಿಂಗ ಹಿಂಡಿನಲ್ಲೇ ಚೆಂದದ, ನೆತ್ತಿಯ ಮೇಲೆ ಬಿಳಿ ಚುಕ್ಕೆಯ ಟಗರುಮರಿಯೊಂದನ್ನು ಹೊನ್ನವ್ವನ ಸೆರಗಿಗೆ ಹಾಕಿ ಬಂದ.

ಅದೇ ದಿನ ಗೌಡ ಅವನನ್ನು ಪಡಸಾಲೆಗೆ ಕರೆದು ಗೋಡೆಯ ಕ್ಯಾಲೆಂಡರು ತೋರಿಸಿದ್ದ. ಸಾಲುಸಾಲು ದ್ರಾಕ್ಷಿ, ಸಾಲಿನ ನಡುವೆ ಗುಡ್ಡದಂಥ ಉಣ್ಣೆ ಹೊತ್ತ ಬಿಳಿ ಕುರಿಗಳು.

"ಇದು ಆಸ್ಟ್ರೇಲಿಯಾ ಅಂತ ದೇಶ, ಸೋಮನಿಂಗ. ಅಲ್ಲೂ ನಮ್ಮಂಗ ಕೆಂಡದಂಥಾ ಬಿಸಲು, ನಮ್ಮಂಗ ಜುಗ್ಗ ಮಳಿ. ನೂರು ವರ್ಷದ ಹಿಂದ ಬಯಲ ಬಿದ್ದಿದ್ದ ನೆಲ, ಈಗ ಕಣ್ಣ ಹಾಯುತನಕ ದ್ರಾಕ್ಷಿ. ಕುರೀನೂ ಅದರಾಗ ಮೇಯ್ತಾವ. ಗೊಬ್ಬರಕ್ಕ ಗೊಬ್ಬರ ಆತು, ಮೇವಿಗಿ ಮೇವು ಆತು."

"ಆ ಬಳ್ಳಿಗಿ ಎಲಿನ ಇಲ್ಲಲ್ರಿ ಗೌಡ್ರ?"

"ಅಲ್ಲಿ ಥಂಡಿ ದಿನದಾಗ ಬಳ್ಳಿ ಎಲಿ ಉದರಿಸಿ ಮಲಗತಾವಂತ. ಮಳೀನೂ ಆವಾಗ ಬರತೈತಂತ. ನಮ್ಮವಕ್ಕೆಲ್ಲಿ ನಿದ್ದಿ? ನಾವ ಕತ್ತರಿ ಹಿಡದ ಚಾಟ್ನಿ ಮಾಡಿ ಎಲಿ, ಕುಡಿ ಕಡೀಬೇಕು. ಮುಂದಿನ ವಾರ ಚಾಟ್ನಿ ಐತಿ. ನಿನ್ನ ಹಿಂಡ ತಂದ ನನ್ನ ಪಡದಾಗ ತರುಬು. ಕಡದ ಸೊಪ್ಪೆಲ್ಲಾ ನಿಂದ."

"ಕುರಿ ಕಾಯಾಕ ತೋಳ ಕರದಂಗಾತು" ಎಂದು ಅಮಸಿದ್ದ ಮೂಗು ಮುರಿದಿದ್ದ. ಸೋಮನಿಂಗ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂಡನ್ನು ಪಡಕ್ಕೆ ಹೊಡೆದ ದಿನ, ಎಲೆಗಳ ಮೇಲೆ ನೀಲಿ ಕಲೆ ಕಂಡು ಗೌಡನನ್ನು ಒಂದು ಮಾತು ಮಾತ್ರ ಕೇಳಿದ್ದ. ಗೌಡ ಒಂದು ಎಲೆ ಕಿತ್ತು ಧೋತರಕ್ಕೆ ಒರೆಸಿ ತೋರಿಸಿದ್ದ: "ಮಳಿಗಾಲದಾಗ ಎಲಿಗಿ ಬೂಜು ಬರತೈತಿ. ಅದಕ್ಕ ಮೈಲುತುತ್ತಕ್ಕ ಸುಣ್ಣ ಕೂಡಿಸಿ ಹೊಡಿತೀವಿ. ಮಳಿಗಿ ತೊಳದ ಹೋಗೈತಿ ತಗೊ."

ಎರಡು ದಿನ ಕುರಿಗಳು ಪಡದಲ್ಲಿ ಹಬ್ಬ ಮಾಡಿ ಹೊಳೆದಂಡೆಗೆ ಮರಳಿದ್ದವು. ಇದು ಮೂರನೆಯ ಮುಂಜಾನೆ.

"ಅಂವಾ ಭಂಡಾರ ಮುಟ್ಟಿ ಇಸಾ ಇಕ್ಕ್ಯಾನ" ಎಂದ ಅಮಸಿದ್ದ. "ನನ್ನ ಕಾಲ ಮುರದಾಗ ನೀ ಬಾಯಿ ಮುಚಗೊಂಡಿ. ಈಗ ಬಳಿ ತೊಡು. ನಾನ ತೆವಳಕೋತ ಹೋಗತೇನಿ."

ಸೋಮನಿಂಗ ತಮ್ಮನ ಕೈಯಿಂದ ಕೊಡಲಿ ಕಸಿದುಕೊಂಡ. ಸಾತವ್ವ ಗೊಟ್ಟ ಒಗೆದು ಓಡಿಬಂದು ಅವನ ಕಾಲಿಗೆ ತೆಕ್ಕೆ ಬಿದ್ದಳು.

"ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಲ ಬರೂದಿಲ್ಲ. ಮದಲ ಕೇಳು. ಕೇಳಿ ಆಮ್ಯಾಲ ಏನರ ಮಾಡು."

ಅವನು ಅವಳ ಎದೆಗೆ ಒದ್ದ. ಮದುವೆಯಾದಾಗಿನಿಂದ ಕೈ ಎತ್ತಿರದ ಗಂಡಸು. ಅವಳು ಸತ್ತ ಕುರಿಯ ಮೇಲೆ ಅಂಗಾತ ಬಿದ್ದಳು. ಅವನು ಹಿಂತಿರುಗಿ ನೋಡಲಿಲ್ಲ.

ಹೊಳೆದಂಡೆಯಿಂದ ಗೌಡನ ತೋಟದ ಮನೆಗೆ ಪಡದೊಳಗೇ ಹಾದು ಹೋಗಬೇಕು. ಎಲೆ ಬೋಳಿಸಿದ ಬಳ್ಳಿಗಳ ಕಡಿದ ತುದಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸೋಮನಿಂಗ ಮೊದಲ ಬಳ್ಳಿಯ ಬುಡಕ್ಕೆ ಕೊಡಲಿ ಹಾಕಿದ. ಎರಡನೆಯದಕ್ಕೆ ಹಾಕಿದ. ಸಾಲಿನುದ್ದಕ್ಕೂ ಕಡಿಯುತ್ತ, ಬೈಯುತ್ತ, ಅಳುತ್ತ ನಡೆದ. ಅಡ್ಡ ಬಂದ ಆಳು ಭೀಮಶ್ಯಾ, ಹಾರೆ ಹಿಡಿದಿದ್ದವರಲ್ಲಿ ಒಬ್ಬ, "ಏ ಹುಚ್ಚಾ" ಎಂದಷ್ಟೇ ಅಂದ. ಕೊಡಲಿಯ ಹಿಡಿ ಅವನ ಬಾಯಿಗೆ ಬಡಿಯಿತು. ಹಲ್ಲು ಉಗುಳುತ್ತ ಅವನು ಕೂತಲ್ಲೇ ಕೂತ. ಸೋಮನಿಂಗನಿಗೆ ಒಳಗೆ ಎಲ್ಲೋ ಹಾಯೆನಿಸಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಒಂದು ವರ್ಷದಿಂದ ಕಟ್ಟಿದ್ದ ಕೀವು ಅದು, ಹರಿದಾಗ ಹಾಯೆನಿಸುತ್ತದೆ.

ಮನೆಯ ಮುಂಬಾಗಿಲು ತೆರೆದಿತ್ತು. ಪಡಸಾಲೆಯ ಗೋಡೆಯ ಮೇಲೆ ಬಿಳಿ ಕುರಿಗಳು ಎಲೆಯಿಲ್ಲದ ಬಳ್ಳಿಗಳ ಕೆಳಗೆ ಮೇಯುತ್ತಿದ್ದವು. ಅವನು ದಾಟಿ ಹಿತ್ತಲ ಬಾಗಿಲಿಗೆ ಬಂದ.

ಗೌಡ ದನದ ಕೊಟ್ಟಿಗೆಯ ಮುಂದೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದ. ಬರಿಮೈ, ಅಗಲವಾದ ಬೆನ್ನು, ಬೆವರು. ಮುಂದೆ ಬಾಗಿ ಏನೋ ಮಾಡುತ್ತಿದ್ದ. ಹೆಜ್ಜೆ ಸಪ್ಪಳ ಕೇಳಿ, ತಿರುಗದೆಯೇ, ಆಳು ಬಂದನೆಂದುಕೊಂಡು ಅವಸರದಿಂದ ಅಂದ:

"ಬಂದ್ಯಾ? ಲಗೂ ಓಡು, ಆ ಸೋಮನಿಂಗಗ—"

ತನ್ನ ಹೆಸರು ಕಿವಿಗೆ ಬಿದ್ದದ್ದೇ ಸೋಮನಿಂಗನ ಕಣ್ಣು ಕತ್ತಲಿಟ್ಟಿತು. ಕೊಡಲಿ ಕುತ್ತಿಗೆಗೂ ಭುಜಕ್ಕೂ ನಡುವೆ ಇಳಿಯಿತು. ಹಸಿ ಕಟ್ಟಿಗೆ ಸೀಳಿದ ಸಪ್ಪಳ. ಕಿತ್ತು ಮತ್ತೊಮ್ಮೆ ಎತ್ತಿದ. ಗೌಡ ಒಂದು ಮಗ್ಗುಲಿಗೆ ಉರುಳಿದ. ಆಗ ಅವನ ಮುಂದೆ ಇದ್ದದ್ದು ಕಂಡಿತು.

ಗೂಟಕ್ಕೆ ಕಟ್ಟಿದ ಟಗರುಮರಿ ನೆಲದ ಮೇಲೆ ಬಿದ್ದು ಕಾಲು ಬಡಿಯುತ್ತಿತ್ತು. ನೆತ್ತಿಯ ಮೇಲೆ ಬಿಳಿ ಚುಕ್ಕೆ. ಕೊರಳಿಗೆ ಹೊನ್ನವ್ವ ಕಟ್ಟಿದ ಗೆಜ್ಜೆ. ಪಕ್ಕದಲ್ಲಿ ಅರ್ಧ ತಿಂದ ದ್ರಾಕ್ಷಿ ಸೊಪ್ಪಿನ ಕಟ್ಟು. ಮರಿಯ ಬಾಯ ತುಂಬ ನೀಲಿ ನೊರೆ, ಗೌಡನ ಕೈಯ ತುಂಬ ಮಜ್ಜಿಗೆ.

ಎತ್ತಿದ ಕೊಡಲಿ ಎತ್ತಿದಂತೆಯೇ ನಿಂತಿತು. ಆಮೇಲೆ ತಾನಾಗಿಯೇ ಕೈಯಿಂದ ಜಾರಿ ಹಿಂದೆ ಬಿತ್ತು.

"ನಿನ್ನವೂ..." ಎಂದ ಗೌಡ. ಅವನ ಕೆನ್ನೆ ಸಗಣಿ ನೆಲಕ್ಕೆ ಒತ್ತಿತ್ತು, ಕಣ್ಣು ಸೋಮನಿಂಗನ ಪಾದದ ಮೇಲಿತ್ತು. "ನಿನ್ನವೂ ಹಿಂಗ ಮಾಡಾಕತ್ತಾವೇನೊ?"

ಗೌಡ ಉತ್ತರಕ್ಕೆ ಕಾಯುವವನಂತೆ ನೋಡುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಆ ಕಣ್ಣಿಗೆ ಉತ್ತರ ಬೇಡವಾಯಿತು.

ಅಡುಗೆಮನೆಯಿಂದ ಇನ್ನೊಂದು ಚರಿಗೆ ಮಜ್ಜಿಗೆ ತಂದ ಹೊನ್ನವ್ವ ಹೊಸ್ತಿಲಲ್ಲೇ ಕುಸಿದಳು. ಚರಿಗೆ ಉರುಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಏನು ಹಿಡಿದಿದ್ದೇನೆಂಬ ಅರಿವೂ ಅವಳಿಗಿರಲಿಲ್ಲ.

"ನಿನಗ ಹೇಳಿ ಕಳಸಾವ್ರಿದ್ರಲ್ಲೋ... ಸೊಪ್ಪ ತಿನಸಬ್ಯಾಡಂತ ನಿನಗ ಹೇಳಿ ಕಳಸಾವ್ರಿದ್ರಲ್ಲೋ ಯಪ್ಪಾ..."

ಪಡದ ಕಡೆಯಿಂದ ಭೀಮಶ್ಯಾನ ಕೂಗು ಕೇಳಿತು. ಆಮೇಲೆ ಹಲವು ಕಾಲುಗಳ, ಬಡಿಗೆಗಳ ಸಪ್ಪಳ. ಹಿತ್ತಲ ಗೋಡೆ ಎದೆಮಟ್ಟ, ಅದರಾಚೆ ಹೊಳೆ. ಹಾರಿದ್ದರೆ ಹೋಗಬಹುದಿತ್ತು.

ಸೋಮನಿಂಗ ಹೊನ್ನವ್ವನ ಕೈಯಿಂದ ಚರಿಗೆ ತೆಗೆದುಕೊಂಡ. ನೆಲದ ಮೇಲೆ ಕೂತು ಮರಿಯ ತಲೆಯನ್ನು ತೊಡೆಗಿಟ್ಟುಕೊಂಡು, ದವಡೆಯ ಸಂದಿಗೆ ಬೆರಳು ತೂರಿಸಿ, ಸ್ವಲ್ಪ ಸ್ವಲ್ಪವೇ ಮಜ್ಜಿಗೆ ಬಿಟ್ಟ. ಬಾಗಿಲಲ್ಲಿ ಜನ ತುಂಬಿಕೊಂಡರು. ಮರಿಯ ಗಂಟಲು ಒಮ್ಮೆ ಅಲುಗಿತು, ಗೆಜ್ಜೆ ಸಣ್ಣಗೆ ಸಪ್ಪಳ ಮಾಡಿತು, ಅವನು ಇನ್ನೊಂದು ಗುಟುಕು ಬಿಟ್ಟ.